ಮೇಷ್ಟರ ಅಂಚೆಪೆಟ್ಟಿಗೆ

ಹಳೆಯ ಮನೆಗಳಲ್ಲಿ ಕಾಗದಪತ್ರಗಳನ್ನು ಇಡುವುದಕ್ಕೆ ಬೀರುವಾಗಲಿ ಮೇಜಾಗಲಿ ಬೇಕಾಗಿರಲಿಲ್ಲ. ಜಗುಲಿಯ ತೊಲೆಯ ಮೊಳೆಗೆ ಒಂದು ಕಬ್ಬಿಣದ ತಂತಿ ತೂಗುತ್ತಿದ್ದಿತು. ಓದಿ ಮುಗಿಸಿದ ಕಾರ್ಡು, ಲಕೋಟೆ, ಕಂದಾಯದ ರಶೀತಿ, ಲಗ್ನಪತ್ರಿಕೆ ಎಲ್ಲವನ್ನೂ ಅದಕ್ಕೆ ಚುಚ್ಚಿ ಕೆಳಕ್ಕೆ ಸರಿಸಿಬಿಟ್ಟರೆ ಆಯಿತು. ಅಶುಭ ವಾರ್ತೆಯ ಕಾರ್ಡನ್ನು ಮಾತ್ರ ಓದಿದೊಡನೆಯೇ ಹರಿದು ಹೊರಗೆ ಹಾಕುವುದು ವಾಡಿಕೆ. ಉಳಿದುದೆಲ್ಲವೂ ಧೂಳು ಹಿಡಿದು, ಹೊಗೆಯಿಂದ ಹಳದಿಯಾಗಿ, ಮನೆಯ ಚರಿತ್ರೆಯಾಗಿ ತೂಗುತ್ತಿರುವುದು.

ಸಾಗರದ ಸಮೀಪದ ಹಳ್ಳಿಯೊಂದರಲ್ಲಿರುವ ಮೇಷ್ಟರ ಮನೆಯಲ್ಲಿ ಆ ತಂತಿ ಇಂದಿಗೂ ಇದೆ. ಅವರು ಸುಮಾರು ಮೂವತ್ತು ವರ್ಷ ಮಕ್ಕಳಿಗೆ ಕನ್ನಡವನ್ನು ಕಲಿಸಿ ೨೦೦೬ರಲ್ಲಿ ನಿವೃತ್ತರಾದವರು. ಅವರ ತಂದೆಯವರು ಆ ಊರಿನ ಬ್ರಾಂಚ್ ಪೋಸ್ಟ್ ಮಾಸ್ಟರಾಗಿದ್ದರು. ಮನೆಯ ಜಗುಲಿಯೇ ಅಂಚೆಯ ಕಛೇರಿ. ಅರಗಿನ ಮುದ್ರೆಯೊತ್ತಿದ ಚೀಲವನ್ನು ಬಿಚ್ಚುವಾಗ ಬರುತ್ತಿದ್ದ ವಾಸನೆ, ಠಸ್ಸೆ ಹೊಡೆಯುವ ಸದ್ದು, ಇವುಗಳ ನಡುವೆಯೇ ಮೇಷ್ಟರೂ ಅವರಿಗಿಂತ ಆರು ವರ್ಷ ಹಿರಿಯರಾದ ಅವರ ಅಣ್ಣನವರೂ ಬೆಳೆದರು. ಠಸ್ಸೆ ಹೊಡೆಯುವ ಅಧಿಕಾರಕ್ಕಾಗಿ ಅಣ್ಣತಮ್ಮಂದಿರಲ್ಲಿ ನಿತ್ಯವೂ ಜಗಳವಾಗುತ್ತಿದ್ದಿತಂತೆ. ತಂದೆಯವರು ತೀರ್ಪು ಕೊಟ್ಟಿದ್ದರು: ಹೋಗುವ ಟಪಾಲಿಗೆ ದೊಡ್ಡವನು, ಬರುವ ಟಪಾಲಿಗೆ ಚಿಕ್ಕವನು.

ಅಣ್ಣನವರು ಓದಿ ಪುಣೆಗೆ ಹೋಗಿ ಅಲ್ಲಿಯೇ ನೌಕರಿ ಹಿಡಿದು ಮನೆ ಕಟ್ಟಿದರು. ೨೦೦೧ರ ವರೆಗೆ ಅವರ ಇನ್ಲೆಂಡು ಕಾಗದಗಳು ಆ ತಂತಿಗೇ ಬಂದು ಸೇರುತ್ತಿದ್ದವು. ಆ ವರ್ಷ ಅಣ್ಣನವರಿಗೆ ಮಿಂಚಂಚೆಯ ಹುಚ್ಚು ಹಿಡಿಯಿತು. ನಮ್ಮ ದೇಶದ ಸಾಮಾನ್ಯ ಜನರಿಗೆ ಅಂತರ್ಜಾಲವು ದೊರೆತದ್ದು ೧೯೯೫ನೆಯ ಆಗಸ್ಟ್ ೧೫ರಂದು. ಆರು ವರ್ಷಗಳಲ್ಲಿ ಅದು ಸಾಗರದ ಪೇಟೆಬೀದಿಗೂ ಬಂದಿದ್ದಿತು. ಗಂಟೆಗೆ ಇಷ್ಟೆಂದು ದುಡ್ಡು ತೆಗೆದುಕೊಳ್ಳುವ ಬ್ರೌಸಿಂಗ್ ಸೆಂಟರಿನ ಹುಡುಗನು ಮೇಷ್ಟರ ಹೆಸರಿನಲ್ಲಿ ಒಂದು ಲೆಕ್ಕವನ್ನು ತೆರೆದುಕೊಟ್ಟನು. ಅಲ್ಲಿಂದ ಮುಂದೆ ಭಾನುವಾರದ ಸಂತೆ, ಅಡಿಕೆಯ ಧಾರಣೆಯ ವಿಚಾರಣೆ, ಅಣ್ಣನ ಕಾಗದ, ಈ ಮೂರೂ ಒಂದೇ ಪ್ರಯಾಣದಲ್ಲಿ ಮುಗಿಯತೊಡಗಿದವು. ಅಣ್ಣನವರು ಕನ್ನಡವನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆಯುತ್ತಿದ್ದರು. ಕನ್ನಡದ ಮೇಷ್ಟರಿಗೆ ಇದು ಅನ್ನದಲ್ಲಿ ಸಿಕ್ಕಿದ ಕಲ್ಲಿನಂತೆ. “ಅಪ್ಪ ಕಲಿಸಿದ ಅಕ್ಷರ ಮರೆತುಹೋಯಿತೇ?” ಎಂದು ಅವರು ಕೇಳಿದ್ದಕ್ಕೆ, ಮುಂದಿನ ವಾರ ಬಂದ ಉತ್ತರವೂ ಇಂಗ್ಲಿಷ್ ಅಕ್ಷರದಲ್ಲಿಯೇ ಇದ್ದಿತು. ಕೆಲವು ವರ್ಷಗಳ ತರುವಾಯ ಅಣ್ಣನವರು ಕನ್ನಡದಲ್ಲಿ ಬೆರಳಚ್ಚು ಮಾಡಲು ಕಲಿತರು, ಒತ್ತಕ್ಷರಗಳು ತಪ್ಪುತ್ತಿದ್ದವು, ತಮ್ಮನವರು ತಿದ್ದಿ ಕಳುಹಿಸುತ್ತಿದ್ದರು.

ಈ ಪ್ರೀತಿಯ ವ್ಯವಹಾರವು ೨೦೧೨ರಲ್ಲಿ ನಿಂತುಹೋಯಿತು.

ಮಗಳ ಮದುವೆಯ ಸಾಲ ತೀರಿಸುವುದಕ್ಕಾಗಿ ಮೇಷ್ಟರು ಹಿತ್ತಿಲಿನ ಒಂದು ತುಂಡು ನೆಲವನ್ನು ನೆರೆಯವರಿಗೆ ಮಾರಲು ಮಾತನಾಡಿದ್ದರು. ಆ ತುಂಡಿನಲ್ಲಿ ತಂದೆಯವರು ನೆಟ್ಟ ಹಲಸಿನ ಮರವಿದ್ದಿತು. ಬಕ್ಕೆ ಹಲಸು, ತೊಳೆ ಜೇನಿನಂಥದು. ಸುದ್ದಿ ಯಾರ ಬಾಯಿಂದಲೋ ಪುಣೆಗೆ ಮುಟ್ಟಿತು. ಅಣ್ಣನವರು ಫೋನು ಮಾಡಿ, “ಅಪ್ಪ ನೆಟ್ಟ ಮರ ಮಾರುವುದಕ್ಕೆ ನೀನು ಯಾರು?” ಎಂದರು. “ಪುಣೆಯಲ್ಲಿ ಕೂತು ಮರ ಎಣಿಸುವುದು ಸುಲಭ,” ಎಂದು ಇವರು ಫೋನನ್ನು ಇಟ್ಟುಬಿಟ್ಟರು. ನಾಲ್ಕು ದಿನ ನಿದ್ರೆ ಬರಲಿಲ್ಲ. ಐದನೆಯ ದಿನ ಭಾನುವಾರ. ಸುರಿಯುವ ಮಳೆಯಲ್ಲಿ ಸಾಗರಕ್ಕೆ ಹೋಗಿ, ಒಂದೂವರೆ ಗಂಟೆ ಕೂತು, ಅಣ್ಣನಿಗೆ ಉದ್ದವಾದ ಕಾಗದವನ್ನು ಬರೆದರು. ಅದಕ್ಕೆ ಉತ್ತರ ಬರಲಿಲ್ಲ.

ಮುಂದಿನ ವಾರವೂ ಬರಲಿಲ್ಲ. ಆ ವರ್ಷವೂ ಬರಲಿಲ್ಲ. ನೆಲವನ್ನು ಅವರು ಮಾರಲಿಲ್ಲ, ಸಾಲವನ್ನು ಪಿಂಚಣಿಯಲ್ಲಿಯೇ ಹೇಗೋ ತೀರಿಸಿದರು. ಆದರೆ “ಅಷ್ಟು ಬರೆದೆ, ಒಂದು ಸಾಲು ಬರೆಯಲಿಲ್ಲ” ಎಂಬ ಮಾತು ಅವರ ನಾಲಗೆಯ ಮೇಲೆ ನೆಲೆಯೂರಿತು. ಒಂದೆರಡು ಮದುವೆಗಳಲ್ಲಿ ಅಣ್ಣತಮ್ಮಂದಿರು ಎದುರಾದಾಗಲೂ “ಊಟ ಆಯಿತೇ” ಎಂಬುದಕ್ಕಿಂತ ಮುಂದೆ ಮಾತು ಹೋಗಲಿಲ್ಲ. ೨೦೧೬ರಲ್ಲಿ ಅಣ್ಣನವರು ತೀರಿಕೊಂಡರು. ಮೇಷ್ಟರು ಪುಣೆಗೆ ಹೋಗಿ ಕರ್ಮಾಂತರ ಮುಗಿಯುವವರೆಗೂ ಇದ್ದು ಬಂದರು. ಅತ್ತಿಗೆಯೂ ಹೆಚ್ಚು ಮಾತನಾಡಲಿಲ್ಲ. ಅವರಿಗೂ ಏನೋ ಅಸಮಾಧಾನವಿದ್ದಂತೆ ತೋರಿತು. ಏನೆಂದು ಇವರು ಕೇಳಲಿಲ್ಲ.

ಹೀಗಿರಲಾಗಿ ೨೦೨೪ರ ಏಪ್ರಿಲಿನಲ್ಲಿ ಅವರ ಮಿಂಚಂಚೆಯ ಪೆಟ್ಟಿಗೆಗೆ ಇಂಗ್ಲಿಷಿನಲ್ಲಿ ಒಂದು ನೋಟೀಸು ಬಂದಿತು. ಪೆಟ್ಟಿಗೆಯನ್ನು ನಡೆಸುತ್ತಿದ್ದ ಕಂಪೆನಿಯು ಮೇ ೩೧ರಂದು ಈ ಸೇವೆಯನ್ನು ಮುಚ್ಚುವುದು. ಬೇಕಾದವರು ತಮ್ಮ ಪತ್ರಗಳನ್ನು ಅಷ್ಟರೊಳಗಾಗಿ ತೆಗೆದುಕೊಂಡು ಹೋಗತಕ್ಕದ್ದು. ತರುವಾಯ ಕಂಪೆನಿಯು ಹೊಣೆಯಲ್ಲ. ಕಂಪೆನಿಯ ಹೆಸರೇನಾದರೇನು? ಅಂಗಡಿಯನ್ನು ಮುಚ್ಚುವವರ ಭಾಷೆ ಎಲ್ಲ ಕಡೆಯೂ ಒಂದೇ.

ಮೈಸೂರಿನಲ್ಲಿ ಇಂಜಿನಿಯರಿಂಗ್ ಓದುತ್ತಿದ್ದ ಮಗಳ ಮಗಳು ರಜೆಗೆಂದು ಬಂದಿದ್ದಳು. ಮೇಷ್ಟರು ಅವಳನ್ನು ಕರೆದು, “ಪುಟ್ಟೀ, ನನ್ನ ಪೆಟ್ಟಿಗೆ ಮುಚ್ಚುವುದಕ್ಕೆ ಇವರು ಯಾರು?” ಎಂದು ಕೇಳಿದರು.

ಹುಡುಗಿ ನೋಟೀಸನ್ನು ಓದಿದಳು. “ಪೆಟ್ಟಿಗೆ ಅವರದ್ದೇ ಅಜ್ಜಾ. ಕಾಗದ ಮಾತ್ರ ನಿನ್ನದು,” ಎಂದಳು.

ಇದು ಮೇಷ್ಟರಿಗೆ ಹೊಸ ಸಂಗತಿ. ಅಷ್ಟು ವರ್ಷವೂ ಪರದೆಯ ಮೇಲೆ ಕಾಣುತ್ತಿದ್ದ ಕಾಗದಗಳು ತಮ್ಮ ಮನೆಯ ಯಂತ್ರದೊಳಗೇ ಇವೆಯೆಂದು ಅವರು ತಿಳಿದಿದ್ದರು. ಅವು ಇದ್ದುದು ಯಾವುದೋ ಊರಿನ ಯಾವುದೋ ಕಟ್ಟಡದ ಯಂತ್ರದಲ್ಲಿ. ಇವರು ಪ್ರತಿಸಲವೂ ಕಿಟಕಿಯಿಂದ ಇಣಿಕಿ ನೋಡಿ ಬರುತ್ತಿದ್ದರು, ಅಷ್ಟೆ. ತಂತಿಗೆ ಚುಚ್ಚಿದ ಕಾಗದವಾದರೋ ಹೆಗ್ಗಣ ಕಡಿದರೂ ತಮ್ಮ ಮನೆಯ ಹೆಗ್ಗಣವೇ ಕಡಿಯಬೇಕು.

ಅಳಿಯಂದಿರು ಬಿಟ್ಟುಹೋಗಿದ್ದ ಹಳೆಯ ಕಂಪ್ಯೂಟರೊಂದು ನಡುಮನೆಯಲ್ಲಿ ಬಟ್ಟೆ ಹೊದ್ದು ಕುಳಿತಿದ್ದಿತು. ಕಾಗದಗಳನ್ನು ಅಲ್ಲಿಗೆ ಇಳಿಸುವುದೆಂದು ನಿಶ್ಚಯವಾಯಿತು. ಅದಕ್ಕಾಗಿ ಒಂದು ತಂತ್ರಾಂಶ ಬೇಕು. ಮೊಮ್ಮಗಳು ಥಂಡರ್‌ಬರ್ಡ್ ಎಂಬುದನ್ನು ಆರಿಸಿದಳು. ಅದು ೨೦೦೪ರ ಡಿಸೆಂಬರಿನಲ್ಲಿ ಮೊದಲ ಪೂರ್ಣರೂಪದಲ್ಲಿ ಹೊರಬಂದದ್ದು, ಬೆಲೆಯಿಲ್ಲ, ಅದರ ಒಳಗಿನ ಬರಹವನ್ನು ಯಾರು ಬೇಕಾದರೂ ಓದಿ ನೋಡಬಹುದು. “ಗುಡುಗುಹಕ್ಕಿ” ಎಂದು ಮೇಷ್ಟರು ಕೂಡಲೇ ಭಾಷಾಂತರಿಸಿದರು. ಹಕ್ಕಿಯು ಯಂತ್ರದೊಳಗೆ ಬಂದು ಕುಳಿತುಕೊಂಡು ಮೂರು ಪ್ರಶ್ನೆಗಳನ್ನು ಕೇಳಿತು: ಹೆಸರೇನು, ವಿಳಾಸವೇನು, ಪಾಸ್‌ವರ್ಡೇನು?

ಹೆಸರೂ ವಿಳಾಸವೂ ತಡವಾಗಲಿಲ್ಲ. ಆ ವಿಳಾಸದ ನಡುವಿನ ಸುರುಳಿಗುರುತನ್ನು ೧೯೭೧ರಲ್ಲಿ ರೇ ಟಾಮ್ಲಿನ್ಸನ್ ಎಂಬ ಅಮೆರಿಕದ ಇಂಜಿನಿಯರು ಆರಿಸಿದರು. ಇಂಥವರು ಇಂಥ ಯಂತ್ರದಲ್ಲಿದ್ದಾರೆ ಎಂಬುದಕ್ಕೆ ಅದು ಸಂಕೇತ. ಅವರು ಮೊದಲ ಕಾಗದವನ್ನು ಕಳುಹಿಸಿದ್ದು ಒಂದು ಯಂತ್ರದಿಂದ ಅದರ ಪಕ್ಕದಲ್ಲಿಯೇ ಇದ್ದ ಇನ್ನೊಂದಕ್ಕೆ. ಜಗುಲಿಯಿಂದ ನಡುಮನೆಗೆ ಕಾರ್ಡು ಬರೆದಂತಾಯಿತು ಎಂದು ಮೇಷ್ಟರು ನಕ್ಕರು. ಪಾಸ್‌ವರ್ಡು ಮಾತ್ರ ಅವರ ನೆನಪಿನಲ್ಲಿರಲಿಲ್ಲ. ಹಳೆಯ ಪಂಚಾಂಗಗಳ ಕಟ್ಟನ್ನು ಅಟ್ಟದಿಂದ ಇಳಿಸಿ, ಒಂದರ ಕೊನೆಯ ಪುಟದಲ್ಲಿ, ಅಡಿಕೆಯ ಲೆಕ್ಕದ ಕೆಳಗೆ, ಕನ್ನಡದ ಅಕ್ಷರಗಳಲ್ಲಿ ಬರೆದುಕೊಂಡಿದ್ದುದನ್ನು ಹುಡುಕಿ ತೆಗೆದರು. ಕಳ್ಳನು ಬಂದರೂ ಅದನ್ನು ಗ್ರಹಣದ ಕಾಲವೆಂದೇ ತಿಳಿಯುತ್ತಿದ್ದನು.

ಹೆಸರಾಂತ ದೊಡ್ಡ ಅಂಚೆಸೇವೆಗಳಾಗಿದ್ದರೆ ಈ ಮೂರು ಉತ್ತರಗಳೇ ಸಾಕಾಗುತ್ತಿದ್ದವು. ಮಿಕ್ಕ ವಿವರಗಳು ಹಕ್ಕಿಗೆ ಮೊದಲೇ ಗೊತ್ತಿರುತ್ತವೆ. ಮೇಷ್ಟರದು ಚಿಕ್ಕ ಕಂಪೆನಿ, ಮುಚ್ಚುವ ಕಂಪೆನಿ. ಸ್ವಲ್ಪ ಹೊತ್ತು ಹುಡುಕಾಡಿ, ಕೆಲವು ಊಹೆಗಳನ್ನು ಮಾಡಿ, ಕೊನೆಗೆ ಅದು ಕೈಚೆಲ್ಲಿತು. ಮೊಮ್ಮಗಳು ಪರದೆಯನ್ನು ನೋಡಿ, “ಸರ್ವರು ಸಿಗುತ್ತಿಲ್ಲ,” ಎಂದಳು.

“ಸರ್ವರೂ ಸಿಗುವುದಿಲ್ಲ ಮಗೂ. ಸಿಕ್ಕಿದವರ ಕೂಡ ಬಾಳಬೇಕು,” ಎಂದರು ಮೇಷ್ಟರು.

ಹೋಟೆಲಿನ ಮಾಣಿಗೂ ಸರ್ವರೆನ್ನುತ್ತಾರೆ. ಕೇಳಿದ್ದನ್ನು ತಂದುಕೊಡುವುದೇ ಇಬ್ಬರ ಕೆಲಸವೂ ಆದ್ದರಿಂದ ಹೆಸರಿನಲ್ಲಿ ಅನ್ಯಾಯವೇನೂ ಇಲ್ಲ. ಅಂತೂ ಇನ್ನು ಎಲ್ಲವನ್ನೂ ಕೈಯಿಂದಲೇ ತುಂಬಬೇಕಾಯಿತು: ಬರುವ ಅಂಚೆಯ ಸರ್ವರಿನ ಹೆಸರು, ಹೋಗುವ ಅಂಚೆಯ ಸರ್ವರಿನ ಹೆಸರು, ಎರಡಕ್ಕೂ ಬಾಗಿಲಿನ ಸಂಖ್ಯೆ, ಬೀಗದ ರೀತಿ, ಗುರುತು ಹೇಳುವ ವಿಧಾನ. ಬರುವುದಕ್ಕೆ ಒಂದು, ಹೋಗುವುದಕ್ಕೆ ಇನ್ನೊಂದು ಎಂದಾಗ ಮೇಷ್ಟರು ಒಂದು ಗಳಿಗೆ ಸುಮ್ಮನಾದರು. ಠಸ್ಸೆಯ ನೆನಪಾಗಿರಬೇಕು.

ಬರುವ ಅಂಚೆಗೆ ಎರಡು ಪದ್ಧತಿಗಳುಂಟು. ಒಂದರ ಹೆಸರು ಪಾಪ್. ೧೯೮೪ರಲ್ಲಿ ಹುಟ್ಟಿ ೧೯೮೮ರಲ್ಲಿ ಮೂರನೆಯ ಅವತಾರವನ್ನು ಎತ್ತಿದ್ದು. ಇದು ಬಟವಾಡೆಯ ಪದ್ಧತಿ. ಕಛೇರಿಯಲ್ಲಿ ನಿಮ್ಮ ಹೆಸರಿಗೆ ಬಂದು ಬಿದ್ದಿರುವ ಕಾಗದಗಳನ್ನು ಎತ್ತಿ ನಿಮ್ಮ ಕೈಗೆ ಹಾಕುವುದು. ಬೇರೆ ಹೇಳದಿದ್ದರೆ ಕಛೇರಿಯಲ್ಲಿ ಏನೂ ಉಳಿಯುವುದಿಲ್ಲ ಎಂಬುದು ಮೂಲದ ಪದ್ಧತಿ. ಒಂದು ಪ್ರತಿ ಅಲ್ಲಿಯೂ ಇರಲಿ ಎಂದು ಹೇಳುವುದಕ್ಕೆ ಈಗ ಅವಕಾಶವುಂಟು. ಇನ್ನೊಂದರ ಹೆಸರು ಐಮ್ಯಾಪ್. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿದ್ದ ಮಾರ್ಕ್ ಕ್ರಿಸ್ಪಿನ್ ಎಂಬವರು ೧೯೮೬ರಲ್ಲಿ ರಚಿಸಿದ್ದು. ಇದು ವಾಚನಾಲಯದ ಪದ್ಧತಿ. ಕಾಗದಗಳು ಕಛೇರಿಯಲ್ಲಿಯೇ ಇರುವುವು. ಮನೆಯಲ್ಲಿ ಕಾಣುವುದು ಅವುಗಳ ಪ್ರತಿಬಿಂಬ. ಇಲ್ಲಿ ಓದಿದರೆ ಅಲ್ಲಿ ಓದಿದ ಗುರುತು ಬೀಳುವುದು. ಇಲ್ಲಿ ಹರಿದರೆ ಅಲ್ಲಿಯೂ ಹರಿಯುವುದು. ಒಬ್ಬನಿಗೆ ಒಂದೇ ಯಂತ್ರವಿದ್ದ ಕಾಲಕ್ಕೆ ಮೊದಲನೆಯದು ಸಾಕಾಗಿದ್ದಿತು. ಜೇಬಿಗೊಂದು ಮೇಜಿಗೊಂದು ಯಂತ್ರ ಬಂದ ಮೇಲೆ ಎರಡನೆಯದೇ ರೂಢಿಯಾಗಿದೆ.

ಮೇಷ್ಟರು ಬಟವಾಡೆಯ ಪಕ್ಷದವರು. “ಪಾಪವೋ ಪುಣ್ಯವೋ, ಮೊದಲನೆಯದೇ ಇರಲಿ. ಎಲ್ಲ ಮನೆಗೆ ತಂದುಬಿಡೋಣ,” ಎಂದರು. ತರ್ಕವೇನೋ ಸರಿಯಾಗಿಯೇ ಇದ್ದಿತು. ಆದರೆ ಮೊಮ್ಮಗಳು ತಲೆಯಲ್ಲಾಡಿಸಿದಳು. “ಅಜ್ಜಾ, ಅದು ಇನ್‌ಬಾಕ್ಸ್ ಒಂದನ್ನೇ ತರುತ್ತದೆ. ನೀನು ಬರೆದದ್ದು, ಬೇರೆ ಕಟ್ಟುಗಳಲ್ಲಿ ಇಟ್ಟದ್ದು ಏನೂ ಬರುವುದಿಲ್ಲ. ಅಣ್ಣಜ್ಜನ ಕಾಗದ ಮಾತ್ರ ಸಾಕೋ, ನಿನ್ನದೂ ಬೇಕೋ?”

ಮೇಷ್ಟರು ಯೋಚಿಸಿದರು. ತಾವು ಬರೆದ ಕಾಗದವನ್ನು ತಾವೇ ಕಾಪಾಡಿ ಇಟ್ಟುಕೊಳ್ಳುವ ಪದ್ಧತಿ ತಂತಿಯ ಕಾಲದಲ್ಲಿ ಇರಲಿಲ್ಲ. ಬರೆದದ್ದು ಬರೆದವನಿಂದ ಹೋಗಿಬಿಡುತ್ತಿದ್ದಿತು. ಮನೆತನದ ಪತ್ರವ್ಯವಹಾರವೆಂದರೆ ಒಂದೇ ಕಿವಿಯಲ್ಲಿ ಕೇಳಿದ ಸಂಭಾಷಣೆ. “ನನ್ನದೂ ಬರಲಿ,” ಎಂದರು. ಐಮ್ಯಾಪ್ ಗೆದ್ದಿತು.

ಮೂರು ಸಂಜೆಗಳು ಇದರಲ್ಲಿಯೇ ಕಳೆದವು. ಸರ್ವರೆಂಬ ಯಂತ್ರಕ್ಕೆ ಒಂದರಿಂದ ೬೫,೫೩೫ರ ವರೆಗೆ ಸಂಖ್ಯೆಯ ಬಾಗಿಲುಗಳುಂಟು. ಇವಕ್ಕೆ ಪೋರ್ಟು ಎಂದು ಹೆಸರು. ಐಮ್ಯಾಪಿಗೆ ೧೪೩ ಹಳೆಯ ಬಾಗಿಲು. ೯೯೩ ಬೀಗಮುದ್ರೆಯ ಬಾಗಿಲು. ಎರಡನೆಯದರಲ್ಲಿ ಮಾತನಾಡಿದ್ದೆಲ್ಲವೂ ಗೂಢಲಿಪಿಯಲ್ಲಿ ಹೋಗುವುದು, ಅರಗಿನ ಮುದ್ರೆಯ ಚೀಲದಂತೆ. ಮೊದಲ ದಿನ ೯೯೩ನ್ನು ತಟ್ಟಿದಾಗ ಹಕ್ಕಿಯು ರೆಕ್ಕೆಗೆದರಿ ಎಚ್ಚರಿಕೆಯನ್ನು ಕೊಟ್ಟಿತು: ನೀವು ಹುಡುಕಿದ ಹೆಸರೊಂದು, ಬಾಗಿಲು ತೆರೆದವನು ತೋರಿಸಿದ ಪ್ರಮಾಣಪತ್ರದಲ್ಲಿನ ಹೆಸರು ಇನ್ನೊಂದು, ಆದರೂ ನಂಬುತ್ತೀರೋ? ಮೇಷ್ಟರು “ನಂಬು, ನಂಬು, ಹೊತ್ತಾಗುತ್ತದೆ,” ಎಂದರು. ಮೊಮ್ಮಗಳು ನಂಬಲಿಲ್ಲ. ಅಪರಿಚಿತನು ಅಂಚೆಯವನ ಟೋಪಿಯಿಟ್ಟು ಬಂದರೆ ಅಜ್ಜನ ಅಪ್ಪ ಚೀಲ ಕೊಟ್ಟುಬಿಡುತ್ತಿದ್ದರೇ ಎಂದು ಕೇಳಿದಳು, ಮೇಷ್ಟರು ಸುಮ್ಮನಾದರು. ಕಂಪೆನಿಯ ಸಹಾಯದ ಪುಟಗಳನ್ನೆಲ್ಲ ಜಾಲಾಡಿದ ಮೇಲೆ, ಸರ್ವರಿನ ಹೆಸರು ವರ್ಷಗಳ ಹಿಂದೆಯೇ ಬದಲಾಗಿದ್ದಿತೆಂದು ತಿಳಿಯಿತು. ಇವರು ಹಳೆಯ ಮನೆಯ ಬಾಗಿಲನ್ನು ತಟ್ಟುತ್ತಿದ್ದರು.

ಎರಡನೆಯ ದಿನ ಹೆಸರು ಸರಿಹೋಯಿತು, ಪಾಸ್‌ವರ್ಡು ತಪ್ಪೆಂದಿತು. ಪಂಚಾಂಗದ ಬರಹವನ್ನು ಹತ್ತು ಸಲ ಹೊಡೆದರು. ಹತ್ತು ಸಲವೂ ತಪ್ಪು. ಬ್ರೌಸರಿನ ಕಿಟಕಿಯಲ್ಲಾದರೋ ಅದೇ ಬರಹ ಬಾಗಿಲನ್ನು ತೆರೆಯುತ್ತಿದ್ದಿತು. ಇದೇನು ಮಾಯೆ? ತಪ್ಪು ಪಾಸ್‌ವರ್ಡಿನದಾಗಿರಲಿಲ್ಲ. ಬಳಕೆಯ ಹೆಸರಿನ ಸ್ಥಳದಲ್ಲಿ ವಿಳಾಸದ ಮೊದಲರ್ಧವನ್ನು ಮಾತ್ರ ಬರೆದಿದ್ದರು. ಆ ಕಂಪೆನಿಗೆ ಸುರುಳಿಗುರುತನ್ನೂ ಸೇರಿಸಿ ಇಡೀ ವಿಳಾಸ ಬೇಕಾಗಿದ್ದಿತು. ಹೆಸರು ತಪ್ಪಿದರೂ ಬೀಗದ ಕೈ ತಪ್ಪೆಂದೇ ಹೇಳುವುದು ಈ ಯಂತ್ರಗಳ ವಾಡಿಕೆ. ಎರಡರಲ್ಲಿ ಯಾವುದು ತಪ್ಪೆಂದು ತಿಳಿಸಿದರೆ ಕಳ್ಳನಿಗೆ ಅರ್ಧ ಕೆಲಸ ಕಡಮೆಯಾದೀತಲ್ಲ. ಮನೆಯವರಿಗಾಗುವ ತೊಂದರೆ ಆ ಲೆಕ್ಕದಲ್ಲಿ ಸೇರಿಲ್ಲ.

ಮೂರನೆಯ ಸಂಜೆ ಬಾಗಿಲು ತೆರೆಯಿತು. ಕಾಗದಗಳು ಇಳಿಯತೊಡಗಿದವು, ನೂರು, ಇನ್ನೂರು, ಸಾವಿರ. ಮೇಷ್ಟರು ಕುರ್ಚಿಯ ತುದಿಯಲ್ಲಿ ಕುಳಿತು, ಚೀಲ ಸುರಿದಾಗ ತಂದೆಯವರು ನೋಡುತ್ತಿದ್ದಂತೆ ನೋಡಿದರು. ಮೂರು ಸಾವಿರಕ್ಕೂ ಮೇಲಾಯಿತು. ಪಾಪ, ಅದರಲ್ಲಿ ಮುಕ್ಕಾಲು ಪಾಲು ಸಾಲ ಕೊಡುವವರದು, ಸೀರೆ ಮಾರುವವರದು, ವಿದೇಶದಲ್ಲಿ ಸತ್ತ ಕೋಟ್ಯಧೀಶನ ಹಣವನ್ನು ಇವರಿಗೇ ಕೊಡಬೇಕೆಂದು ಹಾತೊರೆಯುವವರದು. ಮೊಮ್ಮಗಳು ಊಟಕ್ಕೆ ಎದ್ದ ಸಮಯದಲ್ಲಿ ಮೇಷ್ಟರು ಇವನ್ನು ಗುಡಿಸಲು ಹೊರಟರು; ಒಂದೊಂದಾಗಿ ಅಲ್ಲ, ಹಿಡಿಹಿಡಿಯಾಗಿ. ಹೀಗೆ ಗುಡಿಸುವಾಗ ೨೦೦೯ನೆಯ ಇಡೀ ವರ್ಷ ಬುಟ್ಟಿಗೆ ಹೋಯಿತು, ಅಣ್ಣನ ಕಾಗದಗಳೂ ಅದರೊಳಗೆ. ಇದು ನಕಲು, ಮೂಲ ಅಲ್ಲಿ ಭದ್ರವಾಗಿದೆ ಎಂದು ಅವರ ಎಣಿಕೆ. ಪ್ರತಿಬಿಂಬದ ಪದ್ಧತಿಯಲ್ಲಿ ಇಲ್ಲಿ ಹರಿದದ್ದು ಅಲ್ಲಿಯೂ ಹರಿಯಿತೆಂದು ಮೊಮ್ಮಗಳು ನೆನಪು ಮಾಡಿದಾಗ ಅವರ ಮುಖ ಬಿಳಿಚಿಕೊಂಡಿತು. ಪುಣ್ಯಕ್ಕೆ ಕಸದ ಬುಟ್ಟಿಯನ್ನು ಇನ್ನೂ ಬರಿದುಮಾಡಿರಲಿಲ್ಲ. ೨೦೦೯ನೆಯ ವರ್ಷವನ್ನು ಬುಟ್ಟಿಯಿಂದ ಎತ್ತಿ ಒರಸಿ ಮೊದಲಿನ ಸ್ಥಾನದಲ್ಲಿಟ್ಟರು.

ಆ ಮೇಲೆ ಮೊಮ್ಮಗಳು ಇನ್ನೊಂದು ಕೆಲಸವನ್ನು ಮಾಡಿದಳು. ಪ್ರತಿಬಿಂಬವನ್ನು ನಂಬಿಕೊಂಡಿರುವಂತಿಲ್ಲ, ಕನ್ನಡಿಯ ಮುಂದಿನ ವಸ್ತು ಹೋದರೆ ಬಿಂಬವೂ ಹೋದೀತು. ಆದ್ದರಿಂದ ಹಕ್ಕಿಯ ಎಡಗಡೆಯ ಪಟ್ಟಿಯಲ್ಲಿ ಎಲ್ಲಕ್ಕಿಂತ ಕೆಳಗಿರುವ ಸ್ಥಳೀಯ ಕಟ್ಟುಗಳು ಎಂಬ ಜಾಗಕ್ಕೆ ಪ್ರತಿಯೊಂದನ್ನೂ ನಕಲು ಮಾಡಬೇಕು. ಅಲ್ಲಿಗೆ ಬಂದದ್ದು ನಿಜವಾಗಿ ಮನೆಗೆ ಬಂದಂತೆ. ಅಲ್ಲಿ ಒಂದೊಂದು ಕಟ್ಟಿನ ಕಾಗದಗಳೆಲ್ಲವೂ ಒಂದೇ ಉದ್ದನೆಯ ಕಡತದಲ್ಲಿ, ಒಂದರ ಹಿಂದೆ ಒಂದರಂತೆ ಸೇರಿಕೊಂಡಿರುವುವು ಎಂದು ಅವಳು ತೋರಿಸಿದಳು. “ಹಾಗಾದರೆ ಇದೂ ತಂತಿಯೇ,” ಎಂದರು ಮೇಷ್ಟರು.

ಕಟ್ಟುಗಳನ್ನು ಒಂದೊಂದಾಗಿ ನಕಲು ಮಾಡುತ್ತ ಹೋಗುವಾಗ ಅವಳು ನಿಂತಳು. “ಅಜ್ಜಾ, ಡ್ರಾಫ್ಟ್ಸಿನಲ್ಲಿ ಒಂದಿದೆ. ಇದೂ ಬೇಕೇ?”

“ಅದೇನು?”

“ಕರಡು. ಬರೆದು ಕಳುಹಿಸದೆ ಬಿಟ್ಟದ್ದು.”

ಬ್ರೌಸಿಂಗ್ ಸೆಂಟರಿನ ದಿನಗಳಿಂದಲೂ ಮೇಷ್ಟರು ನೋಡುತ್ತಿದ್ದುದು ಬಂದ ಕಾಗದಗಳ ಪುಟವೊಂದನ್ನೇ. ಪಕ್ಕದಲ್ಲಿ ಬೇರೆ ಕಟ್ಟುಗಳಿರುವುದನ್ನು ಅವರು ಎಂದೂ ಲಕ್ಷಿಸಿದವರಲ್ಲ. ಕಳುಹಿಸದೆ ಬಿಟ್ಟ ಕಾಗದ ತಮ್ಮದೊಂದಿದೆಯೆಂಬುದೇ ಅವರಿಗೆ ನಂಬುಗೆಯಾಗಲಿಲ್ಲ. ತೆರೆದು ನೋಡಿದರು. ತಾರೀಖು ೨೦೧೨ನೆಯ ಜುಲೈ ೧೫, ಭಾನುವಾರ. ವಿಳಾಸ ಅಣ್ಣನದು. ಮೊದಲ ಸಾಲು: “ಅಣ್ಣಾ, ನಿನ್ನ ಮಾತು ಸರಿ, ನನ್ನ ಮಾತು ತಪ್ಪು.”

ಆ ದಿನ ಮಳೆ ಸುರಿಯುತ್ತಿದ್ದುದೂ, ಕಾಗದ ಮುಗಿಸಿ ಕಳುಹಿಸುವ ಗುಂಡಿಯನ್ನು ಒತ್ತುತ್ತಿದ್ದಂತೆಯೇ ಕರೆಂಟು ಹೋಗಿ ಅಂಗಡಿಯೆಲ್ಲ ಕತ್ತಲಾದುದೂ, ಹುಡುಗನು “ಹೋಗಿರ್ತದೆ ಸಾರ್” ಎಂದು ಹೇಳಿ ದುಡ್ಡು ತೆಗೆದುಕೊಂಡುದೂ ಮೇಷ್ಟರಿಗೆ ಒಂದೊಂದಾಗಿ ನೆನಪಾಯಿತು. ಕಾಗದ ಹೋಗಿರಲಿಲ್ಲ. ಬರೆಯುವಾಗಲೇ ಸರ್ವರು ನಡುನಡುವೆ ಪ್ರತಿಯೊಂದನ್ನು ಎತ್ತಿಟ್ಟುಕೊಳ್ಳುತ್ತಿದ್ದಿತು. ಆ ಪ್ರತಿ ಹನ್ನೆರಡು ವರ್ಷ ಅಲ್ಲಿಯೇ ಕುಳಿತಿದ್ದಿತು. ಕೊನೆಯ ಎರಡು ಸಾಲುಗಳು ಅದರಲ್ಲಿ ಇರಲಿಲ್ಲ. ಆ ಸಾಲುಗಳಲ್ಲಿ ಏನು ಬರೆದಿದ್ದರೆಂಬುದು ಅವರಿಗೆ ನೆನಪಿತ್ತು. ಮೊಮ್ಮಗಳು ಕೇಳಿದರೂ ಹೇಳಲಿಲ್ಲ.

ಉಳಿದದ್ದು ಹೀಗಿತ್ತು: ಹಿತ್ತಿಲನ್ನು ಮಾರುವುದಿಲ್ಲ, ಸಾಲಕ್ಕೆ ಬೇರೆ ದಾರಿ ನೋಡುತ್ತೇನೆ, ಮರ ಈ ವರ್ಷವೂ ಚೆನ್ನಾಗಿ ಬಿಟ್ಟಿತ್ತು, ಅಪ್ಪ ಇದ್ದಾಗಿನಂತೆಯೇ, ಮುಂದಿನ ಬೇಸಗೆಯಲ್ಲಿ ನೀನೂ ಅತ್ತಿಗೆಯೂ ಬರಬೇಕು, ನೀನು ಬರುವವರೆಗೆ ಮೊದಲನೆಯ ಹಣ್ಣನ್ನು ಕೊಯ್ಯುವುದಿಲ್ಲ.

ಮೇಷ್ಟರು ಕನ್ನಡಕವನ್ನು ತೆಗೆದು ಮೇಜಿನ ಮೇಲಿಟ್ಟು ಹಿತ್ತಿಲ ಕಡೆಗೆ ಹೋದರು. ರಾತ್ರಿ ಊಟಕ್ಕೆ ಎರಡು ಸಲ ಕರೆಯಬೇಕಾಯಿತು.

ಮರುದಿನ ಬೆಳಿಗ್ಗೆ ಸ್ನಾನ ಮುಗಿಸಿ ನೇರವಾಗಿ ಯಂತ್ರದ ಮುಂದೆ ಬಂದು ಕುಳಿತರು. “ಬರುವ ಟಪಾಲು ಆಯಿತು. ಹೋಗುವುದನ್ನು ಸರಿಮಾಡು,” ಎಂದರು.

ಹೋಗುವ ಅಂಚೆಯ ನಿಯಮವನ್ನು ೧೯೮೨ರಲ್ಲಿ ಜಾನ್ ಪೋಸ್ಟೆಲ್ ಎಂಬವರು ಬರೆದಿಟ್ಟರು. ಅಂಚೆಯವನಿಗೆ ಒಪ್ಪುವ ಹೆಸರು. ಅದರ ಸ್ವಾರಸ್ಯವಿರುವುದು ಯಂತ್ರಗಳ ಮರ್ಯಾದೆಯಲ್ಲಿ. ಬಾಗಿಲು ತಟ್ಟಿದೊಡನೆ ಒಳಗಿನವನು ೨೨೦ ಎನ್ನುವನು, ಎಂದರೆ ಸಿದ್ಧನಿದ್ದೇನೆ. ಹೊರಗಿನವನು ಹೆಲೊ ಎಂದು ತನ್ನ ಹೆಸರು ಹೇಳುವನು. ೨೫೦, ಸರಿ. ಇಂಥವರಿಂದ ಕಾಗದ, ಸರಿ. ಇಂಥವರಿಗೆ, ಸರಿ. ಇಗೋ ಒಕ್ಕಣೆ, ೩೫೪, ಹೇಳುವಂಥವನಾಗು, ಮುಗಿದಾಗ ಒಂದು ಸಾಲಿನಲ್ಲಿ ಬರಿಯ ಚುಕ್ಕೆಯಿಡು. ಚುಕ್ಕೆ ಬಿದ್ದ ಮೇಲೆ ಮತ್ತೊಮ್ಮೆ ೨೫೦. ಆ ಕೊನೆಯ ೨೫೦ ಬಂದರೆ ಮಾತ್ರ ಕಾಗದದ ಹೊಣೆ ಅಂಚೆಯವನ ಮೇಲೆ ಬಿದ್ದಂತೆ; ಅದು ಬರದಿದ್ದರೆ ಕಾಗದ ಇನ್ನೂ ಬರೆದವನ ಕೈಯಲ್ಲಿಯೇ ಇದೆ. ಮೊಮ್ಮಗಳು ಇದನ್ನು ಹೇಳಿದಾಗ ಮೇಷ್ಟರು, “ಇನ್ನೂರ ಐವತ್ತು,” ಎಂದು ತಮ್ಮಷ್ಟಕ್ಕೆ ಒಮ್ಮೆ ಹೇಳಿಕೊಂಡರು.

ಈ ಅಂಚೆಯ ಹಳೆಯ ಬಾಗಿಲು ೨೫. ಮನೆಯ ಸಂಪರ್ಕಗಳಿಂದ ಆ ಬಾಗಿಲಿಗೆ ಹೋಗಲು ಹಲವು ಕಡೆ ಬಿಡುವುದಿಲ್ಲ. ಕಸದ ಕಾಗದ ತೂರುವವರ ಹಾವಳಿಯೇ ಅದಕ್ಕೆ ಕಾರಣ. ಹಿಂದೆ ಯಾರು ಬೇಕಾದರೂ ಯಾರ ಹೆಸರಿನಲ್ಲಿ ಬೇಕಾದರೂ ಕಾಗದ ಹಾಕಬಹುದಾಗಿದ್ದಿತು, ರಸ್ತೆಯ ಕೆಂಪು ಪೆಟ್ಟಿಗೆಗೆ ಹಾಕುವಂತೆ. ಈಗ ೫೮೭ ಎಂಬ ಬಾಗಿಲಿಗೆ ಹೋಗಿ, ಪಾಸ್‌ವರ್ಡು ಹೇಳಿ, ಗುರುತು ತೋರಿಸಿ ಕೊಡಬೇಕು. ಮೊದಲು ೨೫ರಲ್ಲಿ ಕಾದು ಕಾದು ಸಾಕಾಗಿ, ಆಮೇಲೆ ೫೮೭ನ್ನು ಹಾಕಿದಾಗ ಅರೆಗಳಿಗೆಯಲ್ಲಿ ದಾರಿ ತೆರೆಯಿತು. ಮೊಮ್ಮಗಳು ಪರೀಕ್ಷೆಗೆಂದು ಅಜ್ಜನಿಂದ ಅಜ್ಜನಿಗೇ ಒಂದು ಕಾಗದವನ್ನು ಕಳುಹಿಸಿದಳು. ಅದು ಹೋಗಿ ತಿರುಗಿ ಬಂದಿತು.

ಮೇಷ್ಟರು ಅತ್ತಿಗೆಗೆ ಬರೆದರು. ಬಹಳ ಬರೆಯಲಿಲ್ಲ, ನಡೆದದ್ದನ್ನು ಏಳೆಂಟು ಸಾಲುಗಳಲ್ಲಿ ತಿಳಿಸಿ, ಕರಡನ್ನು ಇದ್ದುದಿದ್ದ ಹಾಗೆಯೇ ಜೊತೆಗೆ ಸೇರಿಸಿದರು. ಅತ್ತಿಗೆಗೆ ಮಿಂಚಂಚೆಯ ಅಭ್ಯಾಸವಿಲ್ಲ. ಪುಣೆಯಲ್ಲಿರುವ ಅಣ್ಣನ ಮಗನ ವಿಳಾಸಕ್ಕೆ, ಓದಿ ಹೇಳಬೇಕೆಂಬ ಬಿನ್ನಹದೊಡನೆ, ಕಳುಹಿಸಿದ್ದಾಯಿತು. ಒತ್ತಿದ ಮೇಲೆ ಅವರು ಎದ್ದು ಹೋಗಲಿಲ್ಲ. ಕಳುಹಿಸಿದ ಕಾಗದಗಳ ಕಟ್ಟನ್ನು ತೆರೆದು, ಅದು ಅಲ್ಲಿ ಇರುವುದನ್ನು ನೋಡಿ, ಕರಡುಗಳ ಕಟ್ಟನ್ನೂ ತೆರೆದು ನೋಡಿದರು. ಹಳೆಯದು ಇನ್ನೂ ಅಲ್ಲಿಯೇ ಇದ್ದಿತು.

“ಇದನ್ನು ಅಳಿಸಲೇ ಅಜ್ಜಾ?”

“ಇರಲಿ,” ಎಂದರು. “ಅದನ್ನೂ ಮನೆಗೆ ತಾ.”

ಮೂರನೆಯ ದಿನ ಸಂಜೆ ಫೋನು ಬಂದಿತು. ಅಣ್ಣನ ಮಗನೆಂದು ಎತ್ತಿಕೊಂಡರೆ ಅತ್ತಿಗೆಯ ಸ್ವರ. ಸ್ವಲ್ಪ ಹೊತ್ತು ಎರಡು ಕಡೆಯಿಂದಲೂ ಮಾತು ಹೊರಡಲಿಲ್ಲ. ಆ ಬಳಿಕ ಅತ್ತಿಗೆ, ಮಗನು ಕಾಗದವನ್ನು ಎರಡು ಸಲ ಓದಿಸಿದ್ದನ್ನು ಹೇಳಿದರು. ಅಣ್ಣನವರು ಆ ಮಳೆಗಾಲವೆಲ್ಲ ರಾತ್ರಿ ಊಟಕ್ಕೆ ಮುಂಚೆ ಕಂಪ್ಯೂಟರನ್ನು ಹಾಕಿ ನೋಡುತ್ತಿದ್ದರೆಂದೂ, ದೀಪಾವಳಿಯ ಮೇಲೆ ನೋಡುವುದನ್ನು ಬಿಟ್ಟರೆಂದೂ ಹೇಳಿದರು. ಮೇಷ್ಟರು ಹೂಂ ಎಂದರು. ಮತ್ತೊಮ್ಮೆ ಹೂಂ ಎಂದರು.

“ಮರ ಇದೆಯೇನೋ ಇನ್ನೂ?” ಎಂದು ಅತ್ತಿಗೆ ಕೇಳಿದರು.

“ಇದೆ ಅತ್ತಿಗೆ. ಈ ವರ್ಷ ಬುಡದಲ್ಲೇ ಬಿಟ್ಟಿದೆ. ಇನ್ನು ಹದಿನೈದು ದಿನಕ್ಕೆ ಹಣ್ಣಾಗುತ್ತದೆ.”

“ಕೊಯ್ಯಬೇಡ,” ಎಂದರು ಅತ್ತಿಗೆ. “ನಾನು ಇವನಿಗೆ ರೈಲಿನ ಟಿಕೇಟು ನೋಡಲು ಹೇಳುತ್ತೇನೆ.”